ರಾಜ್ಯದ ಸಂಶೋಧನಾ ಹಣ: ಕಟ್ಟಡಕ್ಕೆಷ್ಟು, ಯಂತ್ರಕ್ಕೆಷ್ಟು, ಯಂತ್ರ ನಡೆಸುವವರಿಗೆಷ್ಟು?

#1 ರಾಜ್ಯಲೆಕ್ಕ

ಕರ್ನಾಟಕ ಸರ್ಕಾರ 2025ರಲ್ಲಿ ಕ್ವಾಂಟಂ ಮಿಷನ್‌ಗೆ (ಪರಮಾಣು ಮಟ್ಟದ ನಿಯಮಗಳನ್ನು ಬಳಸುವ ಕಂಪ್ಯೂಟರ್, ಸೆನ್ಸರ್‌ಗಳ ಯೋಜನೆ) ₹1,000 ಕೋಟಿ ಘೋಷಿಸಿತು. 2035ರ ಹೊತ್ತಿಗೆ 20 ಬಿಲಿಯನ್ ಡಾಲರ್ ಆರ್ಥಿಕತೆ ಎಂಬುದು ಗುರಿ, ಕ್ವಾಂಟಂ ಸಿಟಿಗೆ ಹೆಸರಘಟ್ಟದಲ್ಲಿ 6.17 ಎಕರೆ ಜಾಗ. ಇದಕ್ಕೂ ಮೊದಲೇ, 2023ರ ಏಪ್ರಿಲ್‌ನಲ್ಲಿ ಕೇಂದ್ರದ ರಾಷ್ಟ್ರೀಯ ಕ್ವಾಂಟಂ ಮಿಷನ್ ₹6,003.65 ಕೋಟಿಗೆ ಮಂಜೂರಾಗಿದೆ. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್‌ನದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಹಾಗಿರುವಾಗ ಕೇಂದ್ರದ ದುಡ್ಡು ಮಾಡದ ಯಾವ ಕೆಲಸವನ್ನು ರಾಜ್ಯದ ದುಡ್ಡು ಮಾಡಬೇಕು?

ಹಿನ್ನೆಲೆಗೆ ಒಂದಿಷ್ಟು ಅಂಕಿ. 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64. ಅದರಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 43.7, ಖಾಸಗಿ ಉದ್ಯಮದ್ದು ಶೇ 36.4, ಎಲ್ಲ ರಾಜ್ಯ ಸರ್ಕಾರಗಳೂ ಸೇರಿ ಶೇ 6.7. ಆ 6.7ರಲ್ಲೂ ದೊಡ್ಡ ತುಂಡು ಕೃಷಿ ಸಂಶೋಧನೆಗೆ ಹೋಗುತ್ತದೆ. ಕೈಯಲ್ಲಿರುವುದು ಇಷ್ಟು ಕಡಿಮೆ ಇದ್ದಾಗ ಕೇಂದ್ರ ಈಗಾಗಲೇ ಕೊಡುವ ಕಡೆಗೇ ನಾವೂ ಸುರಿದರೆ ಉಪಯೋಗವಿಲ್ಲ.

ನನ್ನ ವಾದ ಇಷ್ಟೇ: ರಾಜ್ಯದ ಹಣ ಹೊಸ ಕಟ್ಟಡಕ್ಕಲ್ಲ, ಯಂತ್ರ ಬಂದ ಮೇಲಿನ ಹತ್ತು ವರ್ಷಕ್ಕೆ ಹೋಗಬೇಕು. ನಿರ್ವಹಣೆ, ತಂತ್ರಜ್ಞರು, ಸ್ಥಳೀಯ ಪೂರೈಕೆದಾರರು, ಮೊದಲ ಖರೀದಿ. ಒಪ್ಪದವರು ಅಂಕಿ ಸಮೇತ ಬರೆಯಿರಿ.

#2 ಶಿವನಸಮುದ್ರ1902

ಒಪ್ಪುತ್ತೇನೆ. ಆದರೆ ಇದು ಹೊಸ ವಿಚಾರವೇನಲ್ಲ ಸರ್, ಮೈಸೂರು ಸಂಸ್ಥಾನ ನೂರು ವರ್ಷದ ಹಿಂದೆ ಮಾಡಿದ್ದೇ ಇದು. ಶ್ರೀಗಂಧದ ಎಣ್ಣೆಯ ಪ್ರಕರಣವನ್ನೇ ನೋಡಿ.

1914ಕ್ಕೆ ಮೊದಲು ಸಂಸ್ಥಾನ ಗಂಧದ ಮರವನ್ನು ಹರಾಜು ಹಾಕುತ್ತಿತ್ತು. ಮರ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಉಳಿದುಬಿಟ್ಟಿತು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ಪ್ರಯೋಗ ಮಾಡಿದರು. ಗಂಧದ ಎಣ್ಣೆ ಇರುವುದು ಚೇಗು ಮತ್ತು ಬೇರಿನಲ್ಲಿ, ಹೊರಗಿನ ಬಿಳಿ ಮರದಲ್ಲಲ್ಲ. ಚೇಗನ್ನು ಪುಡಿ ಮಾಡಿ ಹಬೆ ಹಾಯಿಸಿದರೂ ಎಣ್ಣೆ ಬಹಳ ನಿಧಾನವಾಗಿ ಬಿಡುತ್ತದೆ, ಒಂದು ತುಂಬು ಮುಗಿಯಲು ದಿನಗಳೇ ಬೇಕು. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಇದನ್ನು ತೋರಿಸುವುದು ಸುಲಭ, ಟನ್‌ಗಟ್ಟಲೆ ಮಾಡುವಾಗ ಹಬೆಯ ಒತ್ತಡ, ಪುಡಿಯ ಗಾತ್ರ, ತಣಿಸುವ ನೀರು ಎಲ್ಲ ಬೇರೆಯೇ ಲೆಕ್ಕ. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಬಂತು, ಆಮೇಲೆ ಮೈಸೂರಿನಲ್ಲಿ, ಜೊತೆಗೆ ಸಾಬೂನು.

ಸಂಸ್ಥಾನ ಇಲ್ಲಿ ಏನೇನು ಕೊಟ್ಟಿತು ಗಮನಿಸಿ. ಕಚ್ಚಾ ಮಾಲು ಅದರದೇ, ಗಂಧದ ಮರವೆಲ್ಲ ಸರ್ಕಾರದ ಸ್ವತ್ತು. ಸಂಶೋಧನೆ ನಡೆದ ಸಂಸ್ಥೆಗೆ 371 ಎಕರೆ ಜಾಗ ಕೊಟ್ಟಿದ್ದೂ ಅದೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಎಳೆದಿದ್ದೂ ಅದೇ, ಅಲ್ಲೂ ಗಣಿ ಎಂಬ ಖಚಿತ ಗ್ರಾಹಕ ಮೊದಲೇ ಇದ್ದ. 1940ರಲ್ಲಿ ವಾಲ್‌ಚಂದ್ ಹಿರಾಚಂದ್ ವಿಮಾನ ಕಾರ್ಖಾನೆ ತೆಗೆಯಲು ಬಂದಾಗ ಸಂಸ್ಥಾನ 700 ಎಕರೆ ಕೊಟ್ಟು ₹25 ಲಕ್ಷ ಬಂಡವಾಳವನ್ನೂ ಹಾಕಿತು. ಎರಡು ವರ್ಷಕ್ಕೆ, 1942ರಲ್ಲಿ, ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಕಾರ್ಖಾನೆ ಮೊದಲು, ವಿಭಾಗ ಆಮೇಲೆ. ಇಂದಿನ ಯೋಜನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ: ಮೊದಲು ಕೇಂದ್ರ ಕಟ್ಟುತ್ತೇವೆ, ಗ್ರಾಹಕನನ್ನು ಆಮೇಲೆ ಹುಡುಕುತ್ತೇವೆ.

#3 ಬಿಳಿಗೌನು

ರಾಜ್ಯಲೆಕ್ಕ ಅವರು ಕೇಳಿದ ಅಂಕಿ ಕೊಡುತ್ತೇನೆ. ಚಿಪ್, ಸೆನ್ಸರ್, ಕ್ವಾಂಟಂ ಸಾಧನ ಯಾವುದಕ್ಕಾದರೂ ಬೇಕಾಗುವ ಮಧ್ಯಮ ಗಾತ್ರದ ಹಂಚಿಕೆಯ ಕ್ಲೀನ್‌ರೂಮ್ (ಗಾಳಿಯ ಧೂಳು, ತೇವ ಹತೋಟಿಯಲ್ಲಿಟ್ಟ ಪ್ರಯೋಗ ಕೋಣೆ) ಒಂದನ್ನು ತೆಗೆದುಕೊಳ್ಳಿ. ಯಂತ್ರಗಳ ಬೆಲೆ ₹40 ಕೋಟಿ ಎಂದಿಟ್ಟುಕೊಳ್ಳಿ.

ನಿರ್ವಹಣಾ ಒಪ್ಪಂದ ಯಂತ್ರದ ಬೆಲೆಯ ಶೇ 8ರಿಂದ 10. ಶೇ 8 ಹಿಡಿದರೆ ವರ್ಷಕ್ಕೆ ₹3.2 ಕೋಟಿ, ಜಿಎಸ್‌ಟಿ ಶೇ 18 ಸೇರಿ ₹3.78 ಕೋಟಿ. ಗಾಳಿ ಶುದ್ಧಿ, ಚಿಲ್ಲರ್ (ನೀರು ತಣಿಸುವ ಯಂತ್ರ), ಪಂಪುಗಳೆಲ್ಲ ಸೇರಿ ಸರಾಸರಿ 400 ಕಿಲೋವಾಟ್ ಎಳೆದರೆ ವರ್ಷದ 8,760 ಗಂಟೆಗೆ 35 ಲಕ್ಷ ಯೂನಿಟ್, ಯೂನಿಟ್‌ಗೆ ₹8ರಂತೆ ₹2.8 ಕೋಟಿ. ರಾತ್ರಿ ಆಫ್ ಮಾಡಬಹುದಲ್ಲ ಅಂತ ಹಣಕಾಸು ಇಲಾಖೆಯವರು ಕೇಳುವುದುಂಟು. ಆಗುವುದಿಲ್ಲ. ಐಎಸ್‌ಒ 5 ದರ್ಜೆಯ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ 3,520 ಮೀರಬಾರದು. ಗಾಳಿ ನಿಂತರೆ ಧೂಳು ಕೂರುತ್ತದೆ, ತೇವ ಏರುತ್ತದೆ, ಮತ್ತೆ ಆ ಸ್ಥಿತಿಗೆ ತರಲು ಒರೆಸುವುದು, ಅಳೆಯುವುದು ಎಂದು ದಿನಗಳು ಹೋಗುತ್ತವೆ. ಬೆಂಗಳೂರಿನ ಮಳೆಗಾಲದಲ್ಲಿ ತೇವಾಂಶ ಶೇ 45ರ ಆಸುಪಾಸಿನಿಂದ ಜಾರಿತೆಂದರೆ ಫೋಟೊರೆಸಿಸ್ಟ್ ಎಂಬ ಬೆಳಕಿಗೆ ಸ್ಪಂದಿಸುವ ಲೇಪ ವೇಫರ್‌ಗೆ (ಚಿಪ್ ಮಾಡುವ ತೆಳು ಬಿಲ್ಲೆ) ಸರಿಯಾಗಿ ಹಿಡಿಯುವುದಿಲ್ಲ, ಡೆವಲಪ್ ಮಾಡುವಾಗ ಎದ್ದು ಬರುತ್ತದೆ.

ಅನಿಲ, ರಾಸಾಯನಿಕ, ಫಿಲ್ಟರ್, ಶುದ್ಧ ನೀರಿನ ರೆಸಿನ್ ಇವಕ್ಕೆ ಸುಮಾರು ₹1.75 ಕೋಟಿ. ಹನ್ನೆರಡು ಮಂದಿ ಎಂಜಿನಿಯರ್ ಮತ್ತು ತಂತ್ರಜ್ಞರಿಗೆ ಸರಾಸರಿ ₹10 ಲಕ್ಷ, ಒಟ್ಟು ₹1.2 ಕೋಟಿ. ಎಲ್ಲ ಕೂಡಿದರೆ ವರ್ಷಕ್ಕೆ ಸುಮಾರು ₹9.5 ಕೋಟಿ. ಹತ್ತು ವರ್ಷಕ್ಕೆ ₹95 ಕೋಟಿ, ಅಂದರೆ ಯಂತ್ರದ ಬೆಲೆಯ ಎರಡು ಪಟ್ಟಿಗೂ ಹೆಚ್ಚು. ಯೋಜನಾ ವರದಿಯಲ್ಲಿ ಮಾತ್ರ ಈ ಸಾಲು ಮೂರು ವರ್ಷಕ್ಕೆ ನಿಂತಿರುತ್ತದೆ, ಯಾಕೆಂದರೆ ಯೋಜನೆಯ ಅವಧಿ ಮೂರೇ ವರ್ಷ.

ಬಳಕೆದಾರರ ಶುಲ್ಕದಿಂದ ಎಷ್ಟು ಬರಬಹುದು? ಬೇಡಿಕೆಯಿರುವ ಹತ್ತು ಯಂತ್ರ, ತಲಾ 2,000 ಗಂಟೆ, ಗಂಟೆಗೆ ₹1,500. ಮೂರು ಕೋಟಿ. ಉಳಿದ ₹6.5 ಕೋಟಿ ಯಾರಾದರೂ ಪ್ರತಿವರ್ಷ ತಪ್ಪದೆ ಕೊಡಬೇಕು. ಸಾವಿರ ಕೋಟಿಯಲ್ಲಿ ₹65 ಕೋಟಿ ಎತ್ತಿಟ್ಟರೆ ಇಂಥದ್ದೊಂದು ಹತ್ತು ವರ್ಷ ನಿಲ್ಲದೆ ನಡೆಯುತ್ತದೆ. ನನ್ನ ಪ್ರಕಾರ ರಾಜ್ಯ ಹಾಕಬಹುದಾದ ಅತಿ ಲಾಭದ ದುಡ್ಡು ಅದೇ.

#4 ರಾಜ್ಯಲೆಕ್ಕ

ಬಿಳಿಗೌನು ಅವರೇ, ಬೆಸ್ಕಾಂ ಕರೆಂಟ್ ಹೋದರೆ ಏನಾಗುತ್ತದೆ ಅನ್ನುವುದನ್ನೂ ಬರೆಯಿರಿ. ಜಾಗ ಗುರುತಿಸುವವರು ಅದನ್ನು ಕೇಳುವುದೇ ಇಲ್ಲ.

#5 ಬಿಳಿಗೌನು

ಕರೆಂಟ್ ಪೂರ್ತಿ ಹೋಗಬೇಕಾಗಿಲ್ಲ. ವೋಲ್ಟೇಜ್ ಒಂದು ಕ್ಷಣ ಕುಸಿದರೂ ಚಿಲ್ಲರ್‌ನ ಕಾಂಟ್ಯಾಕ್ಟರ್ (ವಿದ್ಯುತ್ ಸ್ವಿಚ್) ಬಿಡುತ್ತದೆ, ಚಿಲ್ಲರ್ ನಿಂತರೆ ತಣ್ಣೀರು ಇಲ್ಲದೆ ನಿರ್ವಾತ ಮಾಡುವ ಟರ್ಬೊ ಪಂಪು ತಾನಾಗೇ ನಿಲ್ಲುತ್ತದೆ, ಅರ್ಧಕ್ಕೆ ಬಂದ ವೇಫರ್ ಹಾಳು. ಜನರೇಟರ್ ಹೊರೆ ಹೊರಲು ಹತ್ತಾರು ಸೆಕೆಂಡ್ ಬೇಕು, ಆ ನಡುವನ್ನು ತುಂಬಲು ಯುಪಿಎಸ್. ತಪ್ಪು ನಡೆಯುವುದು ಇಲ್ಲೇ: ಯಂತ್ರವನ್ನು ಯುಪಿಎಸ್‌ಗೆ ಹಾಕಿ, ಅದಕ್ಕೆ ತಣ್ಣೀರು ಕೊಡುವ ಪಂಪನ್ನು ನೇರ ಲೈನಿಗೆ ಬಿಟ್ಟಿರುತ್ತಾರೆ. ಪಂಪು, ವಿಷಾನಿಲ ಎಚ್ಚರಿಕೆ ಗಂಟೆ, ಹೊರದೂಡುವ ಫ್ಯಾನು ಮೂರೂ ಬ್ಯಾಕಪ್ ಮೇಲಿರಬೇಕು. ಸೈಲೇನ್ ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುವ ಅನಿಲ, ಅಲ್ಲಿ ಫ್ಯಾನು ನಿಲ್ಲುವಂತಿಲ್ಲ.

ಜಾಗದ ವಿಷಯ ಬಂದಿದ್ದರಿಂದ ಇನ್ನೊಂದು. ನಮ್ಮ ಮೆಟ್ರೊ ಓಡುವುದು 750 ವೋಲ್ಟ್ ಡಿ.ಸಿ. ಮೂರನೇ ಹಳಿಯ ಮೇಲೆ. ರೈಲು ಹೊರಡುವಾಗ ಸಾವಿರಾರು ಆಂಪಿಯರ್ ಹರಿದು ಸುತ್ತಲಿನ ಕಾಂತಕ್ಷೇತ್ರ ಏರಿಳಿಯುತ್ತದೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಿರಣ ಅಲುಗುತ್ತದೆ. ಹಾಗಾಗಿ "ಮೆಟ್ರೊಗೆ ಹತ್ತಿರ" ಅನ್ನುವುದು ಸಿಬ್ಬಂದಿಗೆ ಅನುಕೂಲ, ಸೂಕ್ಷ್ಮ ಉಪಕರಣಕ್ಕೆ ಕಂಟಕ. ಜಾಗ ಅಂತಿಮ ಮಾಡುವ ಮೊದಲು ಕನಿಷ್ಠ ಒಂದು ವಾರ, ರಾತ್ರಿ ಹಗಲು, ಕಂಪನ ಮತ್ತು ಕಾಂತಕ್ಷೇತ್ರ ಅಳೆದ ವರದಿ ಬೇಕು. ಮುಂದೆ ಬರಲಿರುವ ಮಾರ್ಗದ ನಕ್ಷೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

#6 ಕಡತ_ವಿಲೇವಾರಿ

ಹಣ ಇದ್ದರೂ ಯಂತ್ರ ತಡವಾಗುವುದಕ್ಕೆ ಕಾರಣ ಹೇಳುತ್ತೇನೆ. ಕೇಂದ್ರದ ಪ್ರಯೋಗಾಲಯಗಳಿಗೆ 2025ರ ಜೂನ್‌ನಲ್ಲಿ ಖರೀದಿ ನಿಯಮ ಸಡಿಲವಾಯಿತು: ಕೊಟೇಷನ್ ಇಲ್ಲದೆ ಕೊಳ್ಳುವ ಮಿತಿ ₹1 ಲಕ್ಷದಿಂದ ₹2 ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ ₹10 ಲಕ್ಷದಿಂದ ₹25 ಲಕ್ಷಕ್ಕೆ, ₹200 ಕೋಟಿವರೆಗಿನ ಜಾಗತಿಕ ಟೆಂಡರ್‌ಗೆ ನಿರ್ದೇಶಕರೇ ಒಪ್ಪಿಗೆ ಕೊಡಬಹುದು. ಇದು ರಾಜ್ಯದ ವಿಶ್ವವಿದ್ಯಾಲಯಗಳಿಗೆ ತಾನಾಗೇ ಅನ್ವಯವಾಗುವುದಿಲ್ಲ. ನಮ್ಮಲ್ಲಿ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ. ಅದರ 4(ಜಿ) ಕಲಮಿನಡಿ ವಿನಾಯಿತಿ ಬೇಕಾದರೆ ಕಡತ ಹಣಕಾಸು ಇಲಾಖೆಗೆ ಹೋಗಿ ಅಧಿಸೂಚನೆಯಾಗಿ ಬರಬೇಕು. ಪ್ರತಿ ಯಂತ್ರಕ್ಕೂ ಹೀಗೆ ಓಡಾಡುವುದಕ್ಕಿಂತ, ಸಂಶೋಧನಾ ಉಪಕರಣಗಳಿಗೆಂದೇ ಮಿತಿ ಮತ್ತು ಷರತ್ತು ಹಾಕಿ ಒಂದೇ ಸಲ ಅಧಿಸೂಚನೆ ಹೊರಡಿಸುವುದು ರಾಜ್ಯ ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ ಸುಧಾರಣೆ.

ಕ್ರಮ ಹೀಗಿರಬೇಕು. ಮೊದಲು ಏನನ್ನು ಅಳೆಯಬೇಕು ಎಂದು ಬರೆಯಿರಿ, ಯಾವ ಮಾದರಿ ಬೇಕು ಎಂದಲ್ಲ. ಕ್ಯಾಟಲಾಗ್‌ನಿಂದ ನಕಲು ಮಾಡಿದ ವಿವರಣೆ ಇದ್ದರೆ ಸ್ಪರ್ಧಿ ಕಂಪನಿ ಆಕ್ಷೇಪ ಹಾಕುತ್ತದೆ, ಟೆಂಡರ್ ರದ್ದು, ಆರು ತಿಂಗಳು ನೀರಿನಲ್ಲಿ ಹೋಮ. ಟೆಂಡರ್‌ಗೆ ಮುಂಚೆ ಪೂರೈಕೆದಾರರ ಸಭೆ ಕರೆಯಿರಿ. ಐದು ವರ್ಷದ ನಿರ್ವಹಣಾ ದರವನ್ನು ಆರ್ಥಿಕ ಲಕೋಟೆಯಲ್ಲೇ ಕೇಳಿ, ಎಲ್-1 (ಅತಿ ಕಡಿಮೆ ಬೆಲೆ ಕೂಗಿದವರು ಯಾರು ಎಂಬ) ನಿರ್ಧಾರಕ್ಕೆ ಅದನ್ನೂ ಸೇರಿಸಿ. ಆಮೇಲೆ ಕೇಳಿದರೆ ಪೂರೈಕೆದಾರ ಹೇಳಿದ್ದೇ ಬೆಲೆ.

ವಾರಂಟಿ ಅತಿ ಮುಖ್ಯ. ಅದು ಹಡಗೇರಿದ ದಿನದಿಂದ ಎಂದು ಒಪ್ಪಂದದಲ್ಲಿದ್ದು, ಕಟ್ಟಡದ ಕೆಲಸ ತಡವಾಗಿ, ಯಂತ್ರ ಪೆಟ್ಟಿಗೆಯಲ್ಲೇ ಕೂತು ವಾರಂಟಿ ಮುಗಿಯುವುದು ಸಾಮಾನ್ಯ ಸಂಗತಿ. "ಸ್ಥಾಪಿಸಿ, ಒಪ್ಪಿದ ಪರೀಕ್ಷೆಯಲ್ಲಿ ಪಾಸಾದ ದಿನದಿಂದ" ಎಂದು ಬರೆಸಿ. ಹಾಗೆಯೇ ಕೋಣೆಗೆ ವಿದ್ಯುತ್, ನೀರು, ಅನಿಲ ಬಂದ ಪ್ರಮಾಣಪತ್ರ ಸಿಗುವವರೆಗೆ ಯಂತ್ರ ಸಾಗಿಸಬಾರದು ಎಂಬ ಷರತ್ತು. ಲಿಫ್ಟಿನ ಅಗಲ, ಬಾಗಿಲಿನ ಎತ್ತರ, ಮಹಡಿ ತಾಳುವ ಭಾರವನ್ನೂ ಮೊದಲೇ ಅಳೆದಿಟ್ಟುಕೊಳ್ಳಿ. ಗೋಡೆ ಒಡೆದು ಯಂತ್ರ ಒಳಗೆ ಸೇರಿಸುವುದು ಅಪರೂಪವೇನಲ್ಲ.

ತೆರಿಗೆಯಲ್ಲಿ ಒಂದು ಹೊಂಡವಿದೆ. ಸಂಶೋಧನಾ ಸಂಸ್ಥೆಗಳಿಗಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ 2022ರ ಜುಲೈನಲ್ಲಿ ಹೋಯಿತು. ಹಳೆಯ ಅಂದಾಜನ್ನೇ ನಕಲಿಸಿದವರಿಗೆ ಶೇ 18ರ ಬಿಲ್ ಬಂದಾಗ ₹10 ಕೋಟಿಯ ಯಂತ್ರಕ್ಕೆ ₹1.3 ಕೋಟಿ ಕೊರತೆ. ಅದನ್ನು ತುಂಬಲು ಕತ್ತರಿ ಬೀಳುವುದು ನಿರ್ವಹಣಾ ಸಾಲಿಗೇ.

ಕೊನೆಗೆ ಮಾರ್ಚ್ 31. ಫೆಬ್ರುವರಿಯಲ್ಲಿ ಬಿಡುಗಡೆಯಾದ ಹಣ ಎರಡು ತಿಂಗಳಲ್ಲಿ ಖರ್ಚಾಗದಿದ್ದರೆ ವಾಪಸು. ವಿದೇಶಿ ಯಂತ್ರ ಬರಲು ಎಂಟು ತಿಂಗಳಿಂದ ಒಂದು ವರ್ಷ. ಹಾಗಾಗಿ ಬೇಗ ಸಿಗುವ ಕಂಪ್ಯೂಟರ್, ಪೀಠೋಪಕರಣ ಕೊಂಡು ಬಳಕೆ ಪ್ರಮಾಣಪತ್ರ ಕೊಡುತ್ತಾರೆ. ಸಂಶೋಧನಾ ಹಣಕ್ಕೆ ವರ್ಷದಾಚೆ ಮುಂದುವರಿಯುವ ನಿಧಿಯ ರೂಪ ಕೊಡದೆ ಈ ಎಳೆಯ ಯಾವ ಸಲಹೆಯೂ ನಡೆಯುವುದಿಲ್ಲ.

#7 ಪೀಣ್ಯ_ಎರಡನೇ_ಹಂತ

ಎಲ್ಲರೂ ಆಮದು ಯಂತ್ರದ ಬಗ್ಗೆಯೇ ಹೇಳುತ್ತಿದ್ದೀರಿ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ತಯಾರಾಗಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಇಂದಿಗೂ ನಿರ್ವಾತ ಕೋಣೆ (ಗಾಳಿ ಹೊರತೆಗೆದ ಲೋಹದ ಪೆಟ್ಟಿಗೆ), ಫ್ಲಾಂಜ್ (ಭಾಗಗಳನ್ನು ಜೋಡಿಸುವ ಅಂಚುಪಟ್ಟಿ), ತಾಮ್ರದ ತಟ್ಟೆ ಇವನ್ನು ಇಲ್ಲಿನ ಸಣ್ಣ ಕಾರ್ಖಾನೆಗಳು ಮಾಡಬಲ್ಲವು. ಆದರೆ ವಾಹನದ ಬಿಡಿಭಾಗ ಮಾಡುವ ಅಭ್ಯಾಸದಲ್ಲೇ ಮಾಡಿದರೆ ತಿರಸ್ಕಾರವಾಗುತ್ತದೆ. ಯಾಕೆಂದು ಹೇಳುತ್ತೇನೆ.

ಅತಿ ನಿರ್ವಾತದ ಕೋಣೆಗೆ 304ಎಲ್ ಅಥವಾ 316ಎಲ್ ಸ್ಟೀಲ್, ಮಿಲ್ ಪ್ರಮಾಣಪತ್ರ ಸಮೇತ. ವೆಲ್ಡ್ ಒಳಗಿನಿಂದ, ಪೂರ್ತಿ ಆಳಕ್ಕೆ. ಒಳಗೂ ಹೊರಗೂ ಎರಡು ಕಡೆ ಸುತ್ತ ವೆಲ್ಡ್ ಮಾಡಿದರೆ ನಡುವೆ ಗಾಳಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಜಿನುಗುತ್ತದೆ, ಹೀಲಿಯಂ ಅನಿಲದ ಸೋರಿಕೆ ಪರೀಕ್ಷೆಯಲ್ಲಿ ಅದು ಕಾಣುವುದೂ ಇಲ್ಲ. ಇನ್ನೊಂದು ತುದಿ ಮುಚ್ಚಿರುವ ಥ್ರೆಡ್ ತೂತಿಗೆ ಸಾಮಾನ್ಯ ಸ್ಕ್ರೂ ಹಾಕಿದರೂ ಅದೇ ತೊಂದರೆ, ನಡುವೆ ರಂಧ್ರವಿರುವ ಸ್ಕ್ರೂ ಬೇಕು. ಹಿತ್ತಾಳೆ ಒಳಗೆ ಬರಬಾರದು, ಬಿಸಿ ಮಾಡಿದಾಗ ಅದರ ಸತು ಆವಿಯಾಗಿ ಎಲ್ಲ ಕಡೆ ಕೂರುತ್ತದೆ. ಗಂಧಕ, ಸಿಲಿಕೋನ್ ಇರುವ ಕಟಿಂಗ್ ಆಯಿಲ್ ಬೇಡ, ತೊಳೆದರೂ ಪೂರ್ತಿ ಹೋಗದು. ಫ್ಲಾಂಜಿನ ಚೂಪು ಅಂಚೇ ತಾಮ್ರದ ಗ್ಯಾಸ್ಕೆಟ್‌ಗೆ ಕಚ್ಚಿ ಸೋರಿಕೆ ತಡೆಯುವುದು, ಅದರ ಮೇಲೆ ಉಗುರಿಗೆ ತಾಕುವಷ್ಟು ಗೀರು ಬಿದ್ದರೂ ಆ ಭಾಗ ಮತ್ತೆ ಲೇತಿಗೆ. ಆದ್ದರಿಂದ ಮೆಷಿನ್‌ನಿಂದ ಇಳಿಸಿದ ತಕ್ಷಣ ಪ್ಲಾಸ್ಟಿಕ್ ಮುಚ್ಚಳ.

ಕೊನೆಯಲ್ಲಿ ತೊಳೆದು, 150 ಡಿಗ್ರಿಯಲ್ಲಿ ಒಂದೆರಡು ದಿನ ಕಾಯಿಸಿ, ಹೀಲಿಯಂ ಸೋರಿಕೆ ಪರೀಕ್ಷೆ. ಒಂದು ಸೋರಿಕೆ ಪತ್ತೆ ಯಂತ್ರಕ್ಕೇ ಹತ್ತಾರು ಲಕ್ಷ, ಎರಡು ಲೇತಿನ ಶೆಡ್ಡಿಗೆ ಅದು ಆಗದ ಮಾತು. ಪೀಣ್ಯದಲ್ಲಿ ಇಂಥ ಎರಡು ಯಂತ್ರ, ಒಂದು ಬೇಕಿಂಗ್ ಓವನ್, ಒಂದು ಅಲ್ಟ್ರಾಸಾನಿಕ್ ತೊಳೆಯುವ ಸಾಲು, ಮೂರು ಆಯಾಮದ ಅಳತೆ ಯಂತ್ರ ಇರುವ ಸಾಮಾನ್ಯ ಪರೀಕ್ಷಾ ಕೇಂದ್ರ ಒಂದಿದ್ದರೆ ಇಪ್ಪತ್ತು ಕಾರ್ಖಾನೆ ಈ ಕೆಲಸಕ್ಕೆ ಬರುತ್ತವೆ. ಕಟ್ಟಡ ಬಿಟ್ಟು ₹4-5 ಕೋಟಿಯೊಳಗಿನ ಕೆಲಸ.

ಇನ್ನು ದುಡ್ಡು ಬರುವ ವಿಷಯ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಖಾಸಗಿ ಕಂಪನಿ ತಡ ಮಾಡಿದರೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸುವಂತಿಲ್ಲ, ಆದ್ದರಿಂದ ಈಗ ಕೊಡುತ್ತಾರೆ. ತೆರಿಗೆ ಕಟ್ಟದ ಸರ್ಕಾರಿ ಸಂಸ್ಥೆಗೆ ಆ ಹೆದರಿಕೆ ಇಲ್ಲ. ರಾಜ್ಯದ ಸಂಶೋಧನಾ ನಿಧಿಯಿಂದ ಖರೀದಿಯಾಗುವ ಪ್ರತಿ ಆರ್ಡರ್‌ಗೆ ಮೂರನೇ ಒಂದು ಭಾಗ ಮುಂಗಡ, ಪರೀಕ್ಷೆ ಪಾಸಾದ 30 ದಿನಕ್ಕೆ ಉಳಿದದ್ದು ಎಂದು ಬರೆದರೆ ಸಾಕು.

#8 ಧಾರವಾಡ_ಮಂದಿ

ಎಲ್ಲಾ ಚರ್ಚೆ ಯಶವಂತಪುರ, ಪೀಣ್ಯ, ಹೆಸರಘಟ್ಟದಾಗ ಮುಗೀತಲ್ರೀ. ರಾಜ್ಯದ ದುಡ್ಡು ಅಂದ್ರ ಇಡೀ ರಾಜ್ಯದ ದುಡ್ಡು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಐತಿ. ಎಮ್ಮಿ ಹಾಲಿನಿಂದ ಶಿಶು ಆಹಾರ ಮಾಡೋ ವಿಧಾನ ಅಲ್ಲೇ ತಯಾರಾಗಿ ಅಮುಲ್ ಕೈಗೆ ಹೋತು. ಅದೂ ತಂತ್ರಜ್ಞಾನನ, ಅದೂ ಆರ್ಥಿಕತೆನ.

ಬ್ಯಾಡಗಿ ಮೆಣಸಿನಕಾಯಿ ತಗೋರಿ. ಖಾರ ಕಡಿಮಿ, ಬಣ್ಣ ಜಾಸ್ತಿ, ಅದಕ್ಕ ಓಲಿಯೊರೆಸಿನ್ (ಮೆಣಸಿನಕಾಯಿ ಸಾರ) ತಗಿಯೋ ಕಂಪನಿಗಳಿಗೆ ಬೇಕು. ಬೆಲೆ ನಿಂತಿರೋದು ಎರಡು ಅಳತಿ ಮ್ಯಾಲೆ: ಬಣ್ಣದ ಮೌಲ್ಯ ಮತ್ತು ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ. ಯುರೋಪಿನ ಮಿತಿ ಒಣಮೆಣಸಿನಕಾಯಿಗೆ ಅದರೊಳಗಿನ ಬಿ1 ಬಗೆ ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು 10. ಬೂಸ್ಟು ಎಲ್ಲಾ ಕಾಯಿಗೆ ಸಮ ಹತ್ತೂದಿಲ್ಲ, ಚೀಲದಾಗ ಅಲ್ಲಲ್ಲಿ ಗುಂಪಾಗಿರತದ. ಅದಕ್ಕ ಮ್ಯಾಲಿನ ಎರಡು ಹಿಡಿ ತಗದು ಪರೀಕ್ಷೆ ಮಾಡಿದ್ರ ಫಲಿತಾಂಶ ಸುಳ್ಳು. ಹಲವು ಚೀಲದಿಂದ, ಮ್ಯಾಲೆ ನಡುವ ಕೆಳಗ ತಗದು, ಕಿಲೋಗಟ್ಟಲೆ ಕೂಡಿಸಿ, ಪೂರ್ತಿ ಬೀಸಿ, ಆಮೇಲೆ ಸಣ್ಣ ಮಾದರಿ ತಗೀಬೇಕು. ದ್ರವ ಕ್ರೊಮ್ಯಾಟೊಗ್ರಫಿ ಯಂತ್ರ, ಬಣ್ಣಕ್ಕ ಸ್ಪೆಕ್ಟ್ರೋಫೋಟೋಮೀಟರ್, ಕೀಟನಾಶಕ ಉಳಿಕಿಗೆ ಮಾಸ್ ಸ್ಪೆಕ್ಟ್ರೋಮೀಟರ್, ಒಟ್ಟು ₹4-5 ಕೋಟಿ. ಮಾನ್ಯತೆ ಇಲ್ಲದ ವರದಿ ರಫ್ತಿಗೆ ನಡೆಯೂದಿಲ್ಲ, ಎನ್‌ಎಬಿಎಲ್ (ಪ್ರಯೋಗಾಲಯಕ್ಕ ಮಾನ್ಯತೆ ಕೊಡೋ ಮಂಡಳಿ) ಮಾನ್ಯತೆ ತಗೊಳ್ಳಾಕ ಗುಣಮಟ್ಟ ಕೈಪಿಡಿ, ಹೊರಗಿನ ಹೋಲಿಕೆ ಪರೀಕ್ಷೆ, ತರಬೇತಿ ಆದ ಇಬ್ಬರು ರಸಾಯನ ತಜ್ಞರು ಬೇಕು. ಹಾವೇರಿ ಜಿಲ್ಲೆಯಾಗ ಇಂಥದೊಂದು ಇಟ್ರ ಲಾಭ ಬರೂದು ಅದೇ ಸುಗ್ಗಿಗೆ, 2035ಕ್ಕಲ್ಲ.

#9 ರಾಜ್ಯಲೆಕ್ಕ

ಧಾರವಾಡದವರ ಮಾತು ನ್ಯಾಯವಾದದ್ದು. ಆದರೆ ಒಂದು ವ್ಯತ್ಯಾಸ ಇಟ್ಟುಕೊಳ್ಳೋಣ. ಕ್ಲೀನ್‌ರೂಮಿನಂಥದ್ದನ್ನು ಐದು ಊರಿಗೆ ಹಂಚಿದರೆ ಐದೂ ಅರೆಬರೆ, ಯಾಕೆಂದರೆ ವರ್ಷದ ₹9.5 ಕೋಟಿ ಐದು ಪಟ್ಟಾಗುತ್ತದೆ, ಬಳಕೆದಾರರು ಐದು ಪಾಲಾಗುತ್ತಾರೆ. ಪರೀಕ್ಷಾಲಯ ಹಾಗಲ್ಲ, ಮಾಲು ಇರುವ ಕಡೆಯೇ ಇರಬೇಕು. ಒಂದೇ ಕಡೆ ಇರಬೇಕಾದದ್ದು, ಹಂಚಬೇಕಾದದ್ದು ಎಂದು ಎರಡು ಪಟ್ಟಿ ಬೇರೆ ಬೇರೆ ಇರಲಿ.

ಊರಾಚೆ ಜಾಗ ಎಂದಾಗ ಚಳ್ಳಕೆರೆಯ ಪಾಠವೂ ನೆನಪಿರಲಿ. ಅಲ್ಲಿನ ಅಮೃತ್ ಮಹಲ್ ಕಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ ದನ ಕುರಿ ಮೇಯಿಸುವವರ ಹುಲ್ಲುಗಾವಲು ಹೋಯಿತು, ಪ್ರಕರಣ ಹಸಿರು ನ್ಯಾಯಮಂಡಳಿಗೆ ಹತ್ತಿತು. ಕಾವಲು ಸರ್ಕಾರಿ ಭೂಮಿ ಎಂದ ಮಾತ್ರಕ್ಕೆ ಅದು ಯಾರೂ ಬಳಸದ ಭೂಮಿಯಲ್ಲ. ಆ ಬೆಲೆಯೂ ಯೋಜನಾ ವರದಿಯಲ್ಲಿ ಬರಬೇಕು.

#10 ಮಿಲಿಕೆಲ್ವಿನ್

ಕ್ವಾಂಟಂಗೆ ಮರಳುತ್ತೇನೆ. ಸೂಪರ್‌ಕಂಡಕ್ಟಿಂಗ್ ಕ್ಯುಬಿಟ್ (ಒಂದು ಬಗೆಯ ಕ್ವಾಂಟಂ ಕಂಪ್ಯೂಟರ್‌ನ ಮೂಲ ಘಟಕ) ಕೆಲಸ ಮಾಡುವುದು 10ರಿಂದ 20 ಮಿಲಿಕೆಲ್ವಿನ್‌ನಲ್ಲಿ, ಅಂದರೆ ಪರಮ ಶೂನ್ಯ ತಾಪಕ್ಕಿಂತ ಕೂದಲೆಳೆಯಷ್ಟು ಮೇಲೆ. ಅದಕ್ಕೆ ಹೀಲಿಯಂ-3 ಮತ್ತು ಹೀಲಿಯಂ-4 ಮಿಶ್ರಣದ ಡೈಲ್ಯೂಷನ್ ರೆಫ್ರಿಜರೇಟರ್ ಬೇಕು. ಜಗತ್ತಿನಲ್ಲಿ ಇದನ್ನು ಮಾಡುವವರು ಬೆರಳೆಣಿಕೆಯ ಕಂಪನಿಗಳು. ಪೂರ್ತಿ ಯಂತ್ರವನ್ನೇ ಇಲ್ಲಿ ಮಾಡುತ್ತೇವೆ ಎಂದು ಹೊರಟರೆ ದುಡ್ಡು ಅಲ್ಲೇ ಮುಗಿಯುತ್ತದೆ. ಆದರೆ ಅದರೊಳಗಿನ ಭಾಗಗಳ ಕಡೆ ನೋಡಿ. 50 ಕೆಲ್ವಿನ್, 4 ಕೆಲ್ವಿನ್, ಸುಮಾರು 800 ಮಿಲಿಕೆಲ್ವಿನ್, 100 ಮಿಲಿಕೆಲ್ವಿನ್, ಕೊನೆಗೆ 10, ಹೀಗೆ ಹಂತ ಹಂತದ ತಟ್ಟೆಗಳು, ಆಮ್ಲಜನಕರಹಿತ ತಾಮ್ರದವು, ಚಿನ್ನದ ಲೇಪ ಹಾಕಿದವು. ಪ್ರತಿ ಕ್ಯುಬಿಟ್ ಸಂಕೇತ ತಂತಿಯಲ್ಲಿ ಒಟ್ಟು 60 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್, ಸಾಮಾನ್ಯವಾಗಿ 4 ಕೆಲ್ವಿನ್, 100 ಮಿಲಿಕೆಲ್ವಿನ್, 10 ಮಿಲಿಕೆಲ್ವಿನ್‌ಗಳಲ್ಲಿ ತಲಾ 20. ಮೇಲಿನ ಬೆಚ್ಚಗಿನ ತಂತಿಯ ಗದ್ದಲ ಕೆಳಗಿಳಿಯದಿರಲಿ ಎಂದೇ ಅದನ್ನು ಮೂರು ಕಡೆ ಹಂಚುವುದು. ಕ್ಯುಬಿಟ್ ಹೆಚ್ಚಿದಂತೆ ತಂತಿಯೂ ಹೆಚ್ಚು, ಆದ್ದರಿಂದ ಕೇಬಲ್, ಅಟೆನ್ಯುಯೇಟರ್, ಫಿಲ್ಟರ್, ಕೋಣೆಯ ತಾಪದಲ್ಲಿರುವ ನಿಯಂತ್ರಣ ಎಲೆಕ್ಟ್ರಾನಿಕ್ಸ್ ಇವುಗಳ ಬೇಡಿಕೆ ಯಾವ ಬಗೆಯ ಸೂಪರ್‌ಕಂಡಕ್ಟಿಂಗ್ ಚಿಪ್ ಗೆದ್ದರೂ ಬೆಳೆಯುತ್ತದೆ. ಬೆಂಗಳೂರಿಗೆ ಮೈಕ್ರೋವೇವ್ ಎಲೆಕ್ಟ್ರಾನಿಕ್ಸ್‌ನ ಕೈ ಹಳೆಯದು, ರಕ್ಷಣಾ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್ 1954ರಿಂದ ಇಲ್ಲಿದೆ, ರಾಡಾರ್ ಕೆಲಸ ಕಲಿತವರು ಊರ ತುಂಬ ಇದ್ದಾರೆ.

ಪೀಣ್ಯದವರು ಮಾಡಿದ ತಟ್ಟೆ ಸರಿಯಿದೆಯೇ ಎಂದು ನೋಡಲು ಅದನ್ನು ತಣಿಸಿಯೇ ನೋಡಬೇಕು. ಇಲ್ಲಿ ತೊಡಕು: ಒಂದು ಸಲ ತಣಿಸಲು ಒಂದೆರಡು ದಿನ, ಬಿಸಿ ಮಾಡಲು ಮತ್ತಷ್ಟು. ಸಂಶೋಧನೆ ನಡೆಸುವ ರೆಫ್ರಿಜರೇಟರ್‌ನಲ್ಲಿ ಬೇರೆಯವರ ಬಿಡಿಭಾಗ ಪರೀಕ್ಷಿಸಲು ಯಾರೂ ಜಾಗ ಕೊಡುವುದಿಲ್ಲ, ಕೊಡಲೂ ಬಾರದು. ಒಂದು ಸೂಕ್ಷ್ಮ ಸೋರಿಕೆಯಿಂದ ಗಾಳಿ ಮಿಶ್ರಣಕ್ಕೆ ಸೇರಿದರೆ ಅದು ಹೆಪ್ಪುಗಟ್ಟಿ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ, ಹೀಲಿಯಂ-3 ಕಳೆದುಕೊಂಡರೆ ಮತ್ತೆ ಕೊಳ್ಳುವುದು ಬಹಳ ದುಬಾರಿ. ಆದ್ದರಿಂದ ಪೂರೈಕೆದಾರರ ಪರೀಕ್ಷೆಗೆಂದೇ ಮೀಸಲಾದ ಒಂದು ರೆಫ್ರಿಜರೇಟರ್ ಮತ್ತು 4 ಕೆಲ್ವಿನ್‌ವರೆಗೆ ತಣಿಸುವ ಎರಡು ಸಾಧನ ರಾಜ್ಯದ ಹಣದಲ್ಲಿ ಬರಲಿ. ಹೆಚ್ಚಿನ ಪರೀಕ್ಷೆ 4 ಕೆಲ್ವಿನ್‌ನಲ್ಲೇ ಮುಗಿಯುತ್ತದೆ, ಅಲ್ಲಿ ಹೀಲಿಯಂ-3 ಬೇಕಿಲ್ಲ, ತಪ್ಪಾದರೂ ನಷ್ಟ ಕಡಿಮೆ.

#11 ಮೊದಲಗ್ರಾಹಕ

ಸ್ಟಾರ್ಟ್‌ಅಪ್‌ಗಳ ಕಡೆಯಿಂದ. ಜೈವಿಕ ತಂತ್ರಜ್ಞಾನಕ್ಕೆ ಕೇಂದ್ರದ ಬೈರಾಕ್ ಸಂಸ್ಥೆ ₹50 ಲಕ್ಷದವರೆಗೆ ಕೊಡುತ್ತದೆ, ರಾಜ್ಯದ ಎಲಿವೇಟ್ ಅನುದಾನ ಯೋಜನೆ ಕೂಡ ₹50 ಲಕ್ಷದವರೆಗೆ. 2025ರ ಜುಲೈನಲ್ಲಿ ಕೇಂದ್ರ ಮಂಜೂರು ಮಾಡಿದ ₹1 ಲಕ್ಷ ಕೋಟಿಯ ನಿಧಿ ಟಿಆರ್‌ಎಲ್ (ತಂತ್ರಜ್ಞಾನ ಎಷ್ಟು ಸಿದ್ಧವಾಗಿದೆ ಎಂಬ 1ರಿಂದ 9ರ ಅಳತೆ) 4ರಿಂದ ಮೇಲಿನವಕ್ಕೆ ಕಡಿಮೆ ಬಡ್ಡಿಯ ದೀರ್ಘ ಸಾಲ ಕೊಡುವಂಥದ್ದು. ಅಲ್ಲಿಗೆ ಆರಂಭದ ಅನುದಾನವೂ ಇದೆ, ದೊಡ್ಡ ಸಾಲವೂ ಇದೆ. ಇಲ್ಲದಿರುವುದು ಆರ್ಡರ್. ಹಾರ್ಡ್‌ವೇರ್ ಮಾಡುವವರಿಗೆ ₹50 ಲಕ್ಷ ಎರಡು ಮಾದರಿ ಮತ್ತು ಒಂದು ಸುತ್ತು ಪ್ರಮಾಣೀಕರಣಕ್ಕೆ ಸರಿಹೋಗುತ್ತದೆ. ಆಮೇಲೆ ಟೆಂಡರ್‌ನಲ್ಲಿ "ಹಿಂದಿನ ಮೂರು ವರ್ಷದ ಪೂರೈಕೆ ಅನುಭವ" ಕೇಳುತ್ತಾರೆ. ಸಾಲ ತೀರಿಸಲು ಮಾರಾಟ ಬೇಕು, ಮಾರಾಟಕ್ಕೆ ಅನುಭವ ಬೇಕು.

ಬೆಂಗಳೂರಿನ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನ 'ದೃಷ್ಟಿ' ಉಪಕರಣ ಒಳ್ಳೆಯ ಉದಾಹರಣೆ. ರನ್‌ವೇ ಬದಿಯಲ್ಲಿ ಬೆಳಕು ಹಾಯಿಸಿ, ಮಂಜಿನಲ್ಲಿ ಅದು ಎಷ್ಟು ಕುಂದಿತು ಎಂದು ಅಳೆದು ಪೈಲಟ್‌ಗೆ ಎಷ್ಟು ದೂರ ಕಾಣುತ್ತದೆ ಎಂದು ಹೇಳುವ ಸಾಧನ. ಅದು ಹಲವು ವಿಮಾನ ನಿಲ್ದಾಣ ಸೇರಿದ್ದಕ್ಕೆ ಕಾರಣ ಹವಾಮಾನ ಇಲಾಖೆ ಬಳಕೆದಾರನಾಗಿ ಜೊತೆಗಿದ್ದದ್ದು. ರಾಜ್ಯದ ಬಳಿ ಇಂಥ ಬಳಕೆದಾರರು ಬೇಕಾದಷ್ಟಿದ್ದಾರೆ: ಜಲಮಂಡಳಿ, ಬೆಸ್ಕಾಂ, ಕೆಎಂಎಫ್, ಜಿಲ್ಲಾಸ್ಪತ್ರೆ, ಬಿಎಂಟಿಸಿ. ಪ್ರತಿಯೊಂದೂ ವರ್ಷಕ್ಕೆ ಎರಡು ತಾಂತ್ರಿಕ ಸಮಸ್ಯೆಯನ್ನು ಅಂಕಿ ಸಮೇತ ಪ್ರಕಟಿಸಲಿ. ಉದಾಹರಣೆಗೆ, ಕೊಳವೆ ಸೋರಿಕೆಯನ್ನು ಇಷ್ಟು ಮೀಟರ್ ನಿಖರತೆಯಲ್ಲಿ, ರಸ್ತೆ ಅಗೆಯದೆ, ಇಷ್ಟು ಬೆಲೆಯೊಳಗೆ ಹುಡುಕಬೇಕು ಎಂದು. ಮೂರು ತಂಡಕ್ಕೆ ಮಾದರಿಗೆ ಹಣ, ಆರು ತಿಂಗಳು ನಿಜವಾದ ಬಡಾವಣೆಯಲ್ಲಿ ಪರೀಕ್ಷೆ, ಮಿತಿ ದಾಟಿದ ತಂಡದಿಂದ ನಿಗದಿತ ಸಂಖ್ಯೆಯ ಖರೀದಿ. ಖರೀದಿಯ ಭರವಸೆ ಮೊದಲ ದಿನವೇ ಲಿಖಿತವಾಗಿರಬೇಕು. ಇಲ್ಲವಾದರೆ ಅದು ಇನ್ನೊಂದು ಸ್ಪರ್ಧೆ ಮಾತ್ರ, ಪ್ರಶಸ್ತಿ ಫಲಕ ಕೊಟ್ಟು ಮುಗಿಯುತ್ತದೆ.

#12 ಶಿವನಸಮುದ್ರ1902

ಹೊರಗಿನ ಹೋಲಿಕೆಗೆ ಬೆಲ್ಜಿಯಂನ ಫ್ಲಾಂಡರ್ಸ್ ಸರಿ. ಅದೂ ದೇಶವಲ್ಲ, ಒಂದು ಪ್ರಾಂತ್ಯ. 1984ರಲ್ಲಿ ಅಲ್ಲಿನ ಪ್ರಾಂತೀಯ ಸರ್ಕಾರ ಲ್ಯೂವೆನ್‌ನಲ್ಲಿ ಐಮೆಕ್ ಎಂಬ ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಕೇಂದ್ರ ತೆರೆಯಿತು. ಪರಸ್ಪರ ಸ್ಪರ್ಧಿಗಳಾದ ಕಂಪನಿಗಳೇ ಒಂದೇ ಯಂತ್ರದ ಮೇಲೆ, ಮಾರುಕಟ್ಟೆಗೆ ಬರಲು ಇನ್ನೂ ವರ್ಷಗಳಿರುವ ತಂತ್ರಕ್ಕೆ, ಖರ್ಚು ಹಂಚಿಕೊಂಡು ಕೆಲಸ ಮಾಡುತ್ತವೆ. ಇಂದು ಅದರ ಆದಾಯದ ಹೆಚ್ಚಿನ ಪಾಲು ಕಂಪನಿಗಳ ಒಪ್ಪಂದದ್ದು. ಆದರೂ ನಲವತ್ತು ವರ್ಷದಿಂದ ಸರ್ಕಾರ ತನ್ನ ಪಾಲು ನಿಲ್ಲಿಸಿಲ್ಲ.

#13 ಕಡತ_ವಿಲೇವಾರಿ

ಫ್ಲಾಂಡರ್ಸ್ ಪಾಠ ಸರಿ, ಆದರೆ ನಮ್ಮಲ್ಲಿ ಮಹಾಲೇಖಪಾಲರ ಆಕ್ಷೇಪಣೆಗೆ ಉತ್ತರ ಕೊಡಬೇಕಲ್ಲ. ಏನನ್ನು ಅಳೆದು ತೋರಿಸುತ್ತೀರಿ?

#14 ಬಿಳಿಗೌನು

ಪೇಟೆಂಟ್ ಸಂಖ್ಯೆ ಬೇಡ, ಸೃಷ್ಟಿಯಾದ ಉದ್ಯೋಗ ಎಂಬ ಅಂದಾಜೂ ಬೇಡ. ಪ್ರತಿ ಯಂತ್ರಕ್ಕೂ ಲಾಗ್‌ಬುಕ್ ಇರುತ್ತದೆ. ಅದರಿಂದ ತಿಂಗಳಿಗೆ ನಾಲ್ಕು ಅಂಕಿ ಸಾರ್ವಜನಿಕವಾಗಿ ಹಾಕಲಿ: ಯಂತ್ರ ಸುಸ್ಥಿತಿಯಲ್ಲಿದ್ದ ಗಂಟೆ, ಬಳಕೆಯಾದ ಗಂಟೆ, ಅದರಲ್ಲಿ ಹೊರಗಿನವರ ಪಾಲು, ಕಾಯುವ ಸರದಿ ಎಷ್ಟು ದಿನ. ಸುಸ್ಥಿತಿ ಶೇ 85ಕ್ಕಿಂತ ಕೆಳಗಿಳಿದರೆ ನಿರ್ವಹಣೆ ಸರಿಯಿಲ್ಲ. ಸುಸ್ಥಿತಿ ಇದ್ದೂ ಬಳಕೆ ಶೇ 30 ಇದ್ದರೆ ಆ ಯಂತ್ರ ಕೊಂಡದ್ದೇ ತಪ್ಪು, ಅಥವಾ ಕಾಯ್ದಿರಿಸುವ ವ್ಯವಸ್ಥೆ ಹೊರಗಿನವರಿಗೆ ಬಾಗಿಲು ಮುಚ್ಚಿದೆ. ಪೂರೈಕೆದಾರರ ವಿಷಯದಲ್ಲಿ ಒಂದೇ ಅಂಕಿ ಸಾಕು: ಅದೇ ಗ್ರಾಹಕ ಎರಡನೇ ಆರ್ಡರ್ ಕೊಟ್ಟನೇ?

#15 ಪೀಣ್ಯ_ಎರಡನೇ_ಹಂತ

ಲಾಗ್‌ಬುಕ್ ಬರೆಯುವವರು ಯಾರು ಎನ್ನುವುದೂ ಸೇರಲಿ. ಹೆಚ್ಚಿನ ಕಡೆ ಯಂತ್ರ ನಡೆಸುವುದು ಪಿಎಚ್‌ಡಿ ವಿದ್ಯಾರ್ಥಿ ಅಥವಾ ವರ್ಷದ ಗುತ್ತಿಗೆಯ ಸಹಾಯಕ. ವಿದ್ಯಾರ್ಥಿ ಐದು ವರ್ಷಕ್ಕೆ ಹೊರಡುತ್ತಾರೆ, ಸಹಾಯಕರು ₹25,000ಕ್ಕೆ ಒಂದು ವರ್ಷ ಕಲಿತು ಖಾಸಗಿ ಕಂಪನಿಗೆ ಹೋಗುತ್ತಾರೆ, ಹೋಗುವುದೇ ಸರಿ. ಹೊಸಬರು ಬಂದು ಪಂಪಿನ ಎಣ್ಣೆ ಬದಲಿಸುವುದನ್ನು ಮೊದಲಿನಿಂದ ಕಲಿಯಬೇಕು. ರಾಜ್ಯದ್ದೇ ಆದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಜಿಟಿಟಿಸಿ ಇದೆ, ಲೇತು, ಅಚ್ಚು ಕಲಿಸುವುದರಲ್ಲಿ ಅದರ ಹುಡುಗ ಹುಡುಗಿಯರಿಗೆ ಒಳ್ಳೆಯ ಹೆಸರಿದೆ. ಅಲ್ಲಿ ಡಿಪ್ಲೊಮಾ ಮುಗಿಸಿದವರಿಗೆ ಆರು ತಿಂಗಳ ಕೋರ್ಸ್: ನಿರ್ವಾತ ಪಂಪು ಬಿಚ್ಚಿ ಜೋಡಿಸುವುದು, ಸೋರಿಕೆ ಹುಡುಕುವುದು, ಅನಿಲ ಸಿಲಿಂಡರ್ ಸುರಕ್ಷತೆ, ಚಿಲ್ಲರ್, ಯುಪಿಎಸ್, ಅಳತೆ ಯಂತ್ರ. ಕೊನೆಯ ಎರಡು ತಿಂಗಳು ನಿಜವಾದ ಕ್ಲೀನ್‌ರೂಮಿನಲ್ಲಿ. ಆಮೇಲೆ ಹಂಚಿಕೆಯ ಕೇಂದ್ರಗಳಿಗೆ ಕಾಯಂ ಹುದ್ದೆ, ಹತ್ತನೇ ವರ್ಷಕ್ಕೆ ಹಿರಿಯ ಶ್ರೇಣಿ, ಯಾವ ಯಂತ್ರ ಗೊತ್ತು ಎನ್ನುವುದರ ಮೇಲೆ ಭತ್ಯೆ. ಮೂವತ್ತು ಹುದ್ದೆಗೆ ಸರಾಸರಿ ₹10 ಲಕ್ಷದಂತೆ ವರ್ಷಕ್ಕೆ ₹3 ಕೋಟಿ. ಮುಂದಿನ ಬಜೆಟ್‌ಗೆ ಸಲಹೆ ಕಳಿಸುವವರು ಹುದ್ದೆ ಮಂಜೂರಾತಿಯ ಸಾಲನ್ನು ಯಂತ್ರಗಳ ಪಟ್ಟಿಗಿಂತ ಮೇಲೆ ಬರೆಯಿರಿ. ಕೆಳಗೆ ಬರೆದದ್ದನ್ನೇ ಮೊದಲು ಕಡಿಯುತ್ತಾರೆ.